ಐದನೇ ಮುಷ್ಟಿ

ಹೋದ ವರ್ಷ ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಸೋಮವಾರ ಬೆಳಿಗ್ಗೆ. ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸಬೇಕೆಂದು ಒಣಮೆಣಸಿನಕಾಯಿಯನ್ನು ಹಜಾರದ ಚಾಪೆಯ ಮೇಲೆ ಸುರಿದುಕೊಂಡು ತೊಟ್ಟು ಬಿಡಿಸುತ್ತಾ ಕೂತಿದ್ದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೂ ಬೆರಳೆಲ್ಲ ಉರಿ. ಈ ಕೆಲಸಕ್ಕೆ ಕೂತರೆ ಮುಗಿಯುವವರೆಗೆ ಮುಖ ಮುಟ್ಟುವ ಹಾಗಿಲ್ಲ, ಕಣ್ಣು ಒರೆಸುವ ಹಾಗಿಲ್ಲ. ನಮ್ಮ ಯಜಮಾನರು ಕೊಬ್ಬರಿ ವಿಚಾರಕ್ಕೆ ಕಡೂರಿಗೆ ಹೋಗಿದ್ದರು. ಮಗಳು ಸಿಂಚನಾ ಎಂಟು ಗಂಟೆ ಬಸ್ಸಿಗೆ ತರೀಕೆರೆಯ ಕಾಲೇಜಿಗೆ ಹೋಗಿದ್ದಳು. ಅತ್ತೆ ಜಗಲಿಯಲ್ಲಿ ಎಳೆ ಬಿಸಿಲಿಗೆ ಕಾಲು ಚಾಚಿಕೊಂಡು ಕೂತಿದ್ದರು. ಅಜ್ಜಂಪುರದ ನಮ್ಮ ಮನೆಯಲ್ಲಿ ಇರುವುದು ಇಷ್ಟೇ, ನಾಲ್ಕು ಜನ.

ಆಗ ಗಿರಿಜಕ್ಕ ಬಂದರು. ನಮ್ಮ ಬೀದಿಯ ಮುಷ್ಟಿ ಅಕ್ಕಿ ಕೂಡಿಸುವವರು ಅವರೇ.

ಮುಷ್ಟಿ ಅಕ್ಕಿ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ, ಮನೆಯಲ್ಲಿ ಎಷ್ಟು ಜನರೋ ಅಷ್ಟು ಮುಷ್ಟಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿಡುತ್ತೇವೆ. ತಿಂಗಳಿಗೊಮ್ಮೆ ಅದು ಮಠದ ದಾಸೋಹಕ್ಕೆ ಹೋಗುತ್ತದೆ. ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲಿ ಹೇಳಿಕೊಂಡು ಹಾಕಬೇಕು ಎಂದು ನನ್ನ ಅವ್ವ ಕಲಿಸಿದ್ದು. ಹಾಗೆ ಹಾಕಿದರೆ ಆ ದಿನ ಅವರು ಶಿವನ ಲೆಕ್ಕದಲ್ಲಿ ಇರುತ್ತಾರೆ ಅನ್ನೋಳು.

ಗಿರಿಜಕ್ಕ ಡಬ್ಬಿ ಕೇಳಿದವರು ಕೂರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, "ಶಾಂತಾ, ನಿನ್ ಮಗಳು ಕಾಲೇಜಲ್ಲಿ ಏನೇನೋ ಬರ್ದವಳಂತಲ್ಲೇ" ಅಂದರು.

"ಪರೀಕ್ಷೆ ಇನ್ನೂ ಬಂದಿಲ್ವಲ್ಲಕ್ಕ?"

"ಪರೀಕ್ಷೆ ಅಲ್ಲ ಕಣೆ, ಫೋನಲ್ಲಿ. ಇಂಗ್ಲಿಷ್ ಮೇಡಮ್ಮು ಫೋನಲ್ಲೇ ಬರೆಸ್ತಾರಂತೆ, ಒಬ್ರು ಬರ್ದಿದ್ದನ್ನ ಎಲ್ರೂ ಓದ್ತಾರಂತೆ. ನನ್ ತಂಗಿ ಮಗಳೂ ಅದೇ ಕ್ಲಾಸಲ್ವಾ, ಅವಳು ಹೇಳಿದ್ಲು. ಹೆಸರು ಹಾಕಿಲ್ಲ. ಆದ್ರೆ ಮನೇಲಿರೋದು ನಾಲ್ಕೇ ಜನ, ಅಮ್ಮ ದಿನಾ ಐದು ಮುಷ್ಟಿ ಎತ್ತಿಡ್ತಾಳೆ ಅಂತ ಬರ್ದೈತಂತೆ. ಈ ಬೀದೀಲಿ ಅದು ನಿನ್ ಡಬ್ಬಿ ಅಲ್ದೆ ಇನ್ಯಾರ ಡಬ್ಬೀನೇ? ಎಷ್ಟೋ ವರ್ಷದಿಂದ ನೋಡ್ತಾ ಇದೀನಿ, ನಾಲ್ಕು ಜನದ ಲೆಕ್ಕಕ್ಕಿಂತ ಯಾವಾಗ್ಲೂ ಮೇಲೇ. ನಾನು ನಿಂಗೆ ಭಕ್ತಿ ಜಾಸ್ತಿ ಅನ್ಕೊಂಡಿದ್ದೆ." ಆಮೇಲೆ ದನಿ ತಗ್ಗಿಸಿ, "ಆ ಕೂಸಿಗಾ?" ಎಂದು ಕೇಳಿದರು.

ನನ್ನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಯಲ್ಲಿ ಖಾರ. ಹಾಗೇ ಕೂತೆ. ಪಾಪ, ಗಿರಿಜಕ್ಕನೇ ತಮ್ಮ ಸೆರಗಿನಿಂದ ಒರೆಸಿ, ಮತ್ತೇನೂ ಕೇಳದೆ ಅಕ್ಕಿ ಸುರಿದುಕೊಂಡು ಹೋದರು.

ಸಿಂಚನಾಗಿಂತ ಮೊದಲು ನನಗೆ ಒಂದು ಗಂಡು ಮಗುವಾಗಿತ್ತು. ಹೆರಿಗೆಗೆ ತವರು ಬುಕ್ಕಾಂಬುಧಿಗೆ ಹೋಗಿದ್ದೆ. ಹದಿನಾರು ದಿನ ಇತ್ತು. ತಿಂಗಳಿಗೆ ತೊಟ್ಟಿಲಿಗೆ ಹಾಕಿ ಹೆಸರಿಡೋಣ ಎಂದಿದ್ದರು, ಅಷ್ಟರೊಳಗೆ ಒಂದು ಬೆಳಿಗ್ಗೆ ಮೈ ತಣ್ಣಗಾಗಿತ್ತು. ಯಜಮಾನರು ಬಂದು ಎತ್ತಿಕೊಂಡು ಹೋದರು. ಬಾಣಂತಿ ನೋಡಬಾರದೆಂದು ನನ್ನನ್ನು ಒಳಗೆ ಕೂರಿಸಿದ್ದರು. ಎಲ್ಲಿ ಮಣ್ಣು ಮಾಡಿದರು ಎಂದು ಯಾರೂ ಹೇಳಲಿಲ್ಲ. "ಹೆಸರಿಡೋಕ್ ಮುಂಚೆ ಹೋಗಿದ್ದು ನಮ್ದಲ್ಲ ಅನ್ಕೊ. ಎಣಿಸ್ಬೇಡ, ಕೇಳ್ಬೇಡ" ಎಂದು ಅತ್ತೆ ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆಗಿನ ಕಾಲದಲ್ಲಿ ಎಲ್ಲರೂ ಹಾಗೇ ಸಮಾಧಾನ ಮಾಡುತ್ತಿದ್ದರು.

ನಾನು ಕೇಳಲಿಲ್ಲ. ಯಜಮಾನರು ಒಳ್ಳೆಯವರೇ, ಕೈ ಎತ್ತಿದವರಲ್ಲ, ಆದರೆ ಆ ಮಾತಿನ ಹತ್ತಿರ ಬಂದರೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರು. ತವರಿಗೆ ಹೋದಾಗಲೆಲ್ಲ ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಬಸ್ಸು ನಿಧಾನವಾದರೆ ಕಿಟಕಿಯಿಂದ ನೋಡುತ್ತಿದ್ದೆ. ಆ ಜಾಲಿ ಮರದ ಕೆಳಗೋ, ಈ ಕಲ್ಲಿನ ಹತ್ತಿರವೋ ಎಂದು. ಇಪ್ಪತ್ತೆರಡು ವರ್ಷ ಹೀಗೇ ಹೋಯಿತು. ಎಣಿಸಬೇಡ ಎಂದಿದ್ದರು, ಆದರೆ ಅಕ್ಕಿ ಅಳೆಯುವಾಗ ಯಾರು ನೋಡುತ್ತಾರೆ? ನಾಲ್ಕು ಹೆಸರಿಗೆ ನಾಲ್ಕು ಮುಷ್ಟಿ. ಐದನೆಯದಕ್ಕೆ ಹೇಳಲು ಹೆಸರಿಲ್ಲ. ಸುಮ್ಮನೆ ಹಾಕುತ್ತಿದ್ದೆ.

ಸಿಂಚನಾ ಚಿಕ್ಕವಳಿದ್ದಾಗ ಒಮ್ಮೆ ಎಣಿಸಿ ಕೇಳಿದ್ದಳು. ದೇವರಿಗೆ ಒಂದು ಹೆಚ್ಚಿರಲಿ ಎಂದಿದ್ದೆ.

ನಾಲ್ಕೂವರೆ ಬಸ್ಸಿಗೆ ಅವಳು ಬಂದಳು. ನನ್ನ ಮುಖ ನೋಡಿದ ತಕ್ಷಣ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು.

"ಗೊತ್ತಾಯ್ತೇನಮ್ಮ?"

"ಬೀದಿಗೆಲ್ಲ ಗೊತ್ತಾಗೈತೆ. ನಿಮ್ಮಪ್ಪನಿಗೊಂದು ಬಾಕಿ."

"ಹೆಸರೇ ಇಲ್ಲಮ್ಮ ಅದ್ರಲ್ಲಿ, ಬರೀ ನಂಬರು. ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ."

"ಮುಷ್ಟಿ ಅಕ್ಕಿ ವಿಷಯ ಬರೆದ್ಮೇಲೆ ಈ ಊರಲ್ಲಿ ಗೊತ್ತಾಗದೆ ಇರ್ತದೇನೇ? ನಿಂಗೆ ಹೇಳಿದ್ಯಾರು ಇದನ್ನ?"

ಸ್ಕಾಲರ್‌ಶಿಪ್ಪಿಗೆ ಕಾಗದ ಹುಡುಕುವಾಗ ಟ್ರಂಕಿನಲ್ಲಿ ನನ್ನ ಹಳೇ ಹೆರಿಗೆ ಚೀಟಿ ಸಿಕ್ಕಿತ್ತಂತೆ. ಅವಳು ಹುಟ್ಟಿದ್ದನ್ನು ಎರಡನೇ ಹೆರಿಗೆ ಎಂದು ಬರೆದಿದ್ದರು. ಅಜ್ಜಿಯನ್ನು ಕೇಳಿ ಮಿಕ್ಕಿದ್ದನ್ನು ತಿಳಿದುಕೊಂಡು, ಎರಡು ವರ್ಷ ನನಗೆ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಇದು ನಮ್ಮ ಮನೆಯ ಗುಣ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ಅವಳ ಪಕ್ಕ ಕೂತು ಎಲ್ಲ ಕೇಳಿದೆ. ರೇಖಾ ಮೇಡಂ ಆ ಕಾಲೇಜಿಗೆ ಹೊಸಬರು. ತರಗತಿಯಲ್ಲಿ ಕಥೆ ಓದಿ ಪ್ರಶ್ನೆ ಕೇಳಿದರೆ ಹಳ್ಳಿ ಮಕ್ಕಳು ಇಂಗ್ಲಿಷಿಗೆ ಹೆದರಿ ಬಾಯೇ ಬಿಡುತ್ತಿರಲಿಲ್ಲವಂತೆ. ಅದಕ್ಕೆ ಮೇಡಂ ಚೀಟಿ ಎತ್ತಿಸಿ ಎಲ್ಲರಿಗೂ ಒಂದೊಂದು ಗುಟ್ಟಿನ ನಂಬರು ಕೊಟ್ಟು, ಇಂಟರ್‌ನೆಟ್ಟಿನಲ್ಲಿ ತರಗತಿಗೆಂದೇ ಒಂದು ಜಾಗ ಮಾಡಿದ್ದರು. ವಾರಕ್ಕೊಂದು ಕಥೆಯೋ ಪದ್ಯವೋ. ಪ್ರತಿಯೊಬ್ಬರೂ ತಮಗೆ ಅನಿಸಿದ್ದನ್ನು ಹತ್ತು ಸಾಲು ಬರೆಯಬೇಕು, ಬೇರೆ ಇಬ್ಬರು ಬರೆದದ್ದಕ್ಕೆ ಉತ್ತರ ಕೊಡಬೇಕು. 'ಸೂಪರ್', 'ನೈಸ್' ಎಂದು ಬರೆದರೆ ಲೆಕ್ಕಕ್ಕಿಲ್ಲ. ಇಂಗ್ಲಿಷ್ ತಪ್ಪಾದರೆ ಪರವಾಗಿಲ್ಲ, ಪದ ಸಿಗದಿದ್ದರೆ ಕನ್ನಡದ್ದೇ ಹಾಕಿ ಎಂದಿದ್ದರಂತೆ.

ಆ ವಾರದ್ದು ಯಾವುದೋ ಚಳಿ ದೇಶದ ಕಥೆ. ಮಗು ಕಳೆದುಕೊಂಡ ಒಬ್ಬ ಹೆಂಗಸು ಪ್ರತಿ ಚಳಿಗಾಲಕ್ಕೂ ಒಂದು ಜೊತೆ ಕಾಲುಚೀಲ ಹೆಣೆಯುತ್ತಾಳೆ. ಪ್ರತಿ ವರ್ಷ ಅಳತೆ ಸ್ವಲ್ಪ ದೊಡ್ಡದು. ಹೆಣೆದು ಮರದ ಪೆಟ್ಟಿಗೆಯಲ್ಲಿ ಇಡುತ್ತಾಳೆ. ಗಂಡ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಅವಳು ಯಾಕೆ ಹೀಗೆ ಮಾಡುತ್ತಾಳೆ ಎಂಬುದು ಮೇಡಂ ಪ್ರಶ್ನೆ.

"ಎಲ್ಲಾರೂ ಅವಳಿಗೆ ತಲೆ ಕೆಟ್ಟೈತೆ, ಡಾಕ್ಟರಿಗೆ ತೋರಿಸ್ಬೇಕು, ಗಂಡ ಕಲ್ಲುಮನಸ್ಸಿನವನು ಅಂತಾನೇ ಬರ್ದಿದ್ರಮ್ಮ. ನಂಗೆ ತಡ್ಕೊಳೋಕಾಗ್ಲಿಲ್ಲ," ಅಂದಳು.

ಅವಳು ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಾ ಓದಿದಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿ ಓದು ಬಿಟ್ಟವಳು. ನನ್ನ ವಿಷಯ ಆ ಭಾಷೆಯಲ್ಲಿ ಇರುವುದೇ ನನಗೆ ವಿಚಿತ್ರ ಅನ್ನಿಸಿತು. 'ಈ ಹೆಂಗಸು ಹುಚ್ಚಿಯಲ್ಲ. ಇಂಥವರೊಬ್ಬರು ನಮ್ಮ ಮನೆಯಲ್ಲಿದ್ದಾರೆ' ಎಂದು ಶುರು. ಮುಷ್ಟಿ ಅಕ್ಕಿ, ಡಬ್ಬಿ, ಐದು, ಆ ಮಾತು ಬಂದರೆ ಎದ್ದು ಹೊಲಕ್ಕೆ ಹೋಗುವ ಅಪ್ಪ, ಎಲ್ಲ ಇತ್ತು. ಕೊನೆಯ ಸಾಲು ಹೀಗಿತ್ತು: 'ತನ್ನ ಮಗ ಎಲ್ಲಿದ್ದಾನೆ ಎಂದು ನನ್ನ ಅಮ್ಮನಿಗೆ ಗೊತ್ತಿಲ್ಲ. ಅಪ್ಪನನ್ನು ಹೇಗೆ ಕೇಳಬೇಕೋ ನನಗೂ ಗೊತ್ತಿಲ್ಲ.'

ನನಗೆ ಸಿಟ್ಟು ಬಂದಿತ್ತು, ಅದು ಎಲ್ಲಿ ಹೋಯಿತೋ. ನಾನು ಕೆರೆ ಏರಿಯ ಕಡೆ ನೋಡುವುದನ್ನು ಕಿಟಕಿ ಪಕ್ಕ ಕೂತ ಮಗಳು ನೋಡಿದ್ದಾಳೆ ಎಂದು ಆಗ ತಿಳಿಯಿತು.

"ವಿಷಯ ಹಬ್ಬಿದ್ದು ಮೇಡಂಗೂ ಗೊತ್ತಾಗಿ ಕರ್ದಿದ್ರಮ್ಮ. ಅಮ್ಮನ್ನ ಕೇಳ್ಕೊಂಡು ಬಾ, ಬೇಡ ಅಂದ್ರೆ ಈಗ್ಲೇ ತೆಗೆದುಬಿಡ್ತೀನಿ ಅಂದ್ರು. ಅದಕ್ಕೂ ಮುಂಚೆ ಉತ್ತರಗಳನ್ನ ಒಂದ್ಸಲ ಕೇಳು."

ಇಪ್ಪತ್ತಕ್ಕೂ ಹೆಚ್ಚು ಉತ್ತರ ಬಂದಿದ್ದವು. ಹುಚ್ಚಿ ಎಂದು ಬರೆದಿದ್ದ ಒಬ್ಬರು ತಪ್ಪಾಯಿತು ಎಂದಿದ್ದರು. ಇನ್ನೊಬ್ಬರು ತಮ್ಮ ಅಜ್ಜಿ ಸತ್ತ ಎಮ್ಮೆಯ ಹಗ್ಗವನ್ನು ಇನ್ನೂ ಗೂಟದಿಂದ ಬಿಚ್ಚಿಲ್ಲ ಎಂದು ಬರೆದಿದ್ದರು. ಅಳುವಿನ ನಡುವೆಯೂ ನಗು ಬಂತು. ಕೊನೆಗೆ ಮೂವತ್ತೊಂದನೇ ನಂಬರಿನವರದ್ದು.

'ನಾವೆಲ್ಲ ಆ ಹೆಂಗಸಿನ ವಿಷಯವನ್ನೇ ಬರೆದೆವು. ಕಥೆಯ ನಡುವೆ ಒಂದು ಸಾಲು ಇದೆ, ಯಾರೂ ನೋಡಲಿಲ್ಲ. ಪ್ರತಿ ವರ್ಷ ಅವಳು ತೆರೆಯುವ ಹೊತ್ತಿಗೆ ಪೆಟ್ಟಿಗೆಯ ಕೀಲಿಗೆ ಎಣ್ಣೆ ಬಿದ್ದಿರುತ್ತದೆ. ಎಣ್ಣೆ ಬಿಟ್ಟವರು ಯಾರು? ಆ ಮನೆಯಲ್ಲಿ ಇರುವುದು ಇಬ್ಬರೇ. ನನ್ನ ತಾತನೂ ಮಾತಾಡದವರು. ಅಂಥವರನ್ನು ಎಲ್ಲಿ ಎಂದು ಕೇಳಿದರೆ ಹೇಳುವುದಿಲ್ಲ. ನಿಮ್ಮ ತಂದೆಯವರು ಹೊಲದಲ್ಲಿ ಯಾವ ಜಾಗವನ್ನು ಉಳುವುದಿಲ್ಲ, ನೋಡಿ.'

ಸಿಂಚನಾ ಓದಿ ನಿಲ್ಲಿಸಿದಳು.

ನಮ್ಮ ಈರುಳ್ಳಿ ಹೊಲದ ಮೂಲೆಯಲ್ಲಿ ಹೊಂಗೆ ಮರದ ಪಕ್ಕ ಎರಡು ಮಂಚದಗಲದ ಜಾಗ ಬೀಳು ಬಿದ್ದಿದೆ. ಸುತ್ತ ತಂಗಡಿ ಗಿಡ ಬೆಳೆದಿದೆ. ಅಲ್ಲಿ ಹುತ್ತ ಇದೆ, ಯಾರೂ ಹತ್ತಿರ ಹೋಗಬೇಡಿ ಎಂದು ಯಜಮಾನರು ಹೇಳುತ್ತಾ ಬಂದಿದ್ದರು. ಟ್ರ್ಯಾಕ್ಟರಿನವನನ್ನೂ ಅಲ್ಲಿ ತಿರುಗಿಸಿಕೊಳ್ಳಲು ಬಿಡುತ್ತಿರಲಿಲ್ಲ. ಹುತ್ತವಿದ್ದ ಕಡೆ ಗುದ್ದಲಿ ಹಾಕುವವರು ನಮ್ಮಲ್ಲಿ ಯಾರಿದ್ದಾರೆ? ನಾನೇ ಎಷ್ಟೋ ಸಲ, "ಹಾವಿನ ನೆಪದಲ್ಲಿ ಅಷ್ಟು ಜಾಗ ಹಾಳುಬಿಟ್ಟಿದೀರಿ, ನಾಲ್ಕು ಸಾಲು ಅವರೆ ಹಾಕಿದ್ರೆ ಸಾರಿಗಾದ್ರೂ ಆಗೋದು" ಎಂದು ಚುಚ್ಚಿದ್ದೆ. ನಾಗರಪಂಚಮಿಗೆ ಊರ ಹೆಂಗಸರೆಲ್ಲ ಅರಳಿಕಟ್ಟೆಗೆ ಹೋದರೆ, "ನಮ್ ಹೊಲದಲ್ಲೇ ಹುತ್ತ ಐತಲ್ಲ, ಅಲ್ಲೇ ಎರ್ಕೊಂಡು ಬಾ" ಎಂದು ನನ್ನನ್ನು ಅಲ್ಲಿಗೇ ಕಳಿಸುತ್ತಿದ್ದರು. ಗಿಡದ ಈಚೆಯಿಂದ ಬಗ್ಗಿ ಹಾಲು ಎರೆದು ಬರುತ್ತಿದ್ದೆ. ಹುತ್ತವನ್ನು ಒಂದು ಸಲವೂ ಕಣ್ಣಿಂದ ನೋಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಯಜಮಾನರು ಬಂದರು. ಕಾಲು ತೊಳೆಯಲಿಲ್ಲ. ಚಾಪೆಯ ಮೇಲಿನ ಮೆಣಸಿನಕಾಯಿ ದಾಟಿಕೊಂಡು ಬಂದು, "ಬಸ್ ಸ್ಟ್ಯಾಂಡಲ್ಲೇ ಕೇಳ್ದೆ. ಮನೆ ಮಾತು ಬೀದಿಗೆ ಹಾಕೋಕಾ ಕಾಲೇಜಿಗೆ ಕಳ್ಸಿದ್ದು?" ಎಂದರು. ಸಿಂಚನಾ ಗೋಡೆಗೆ ಒರಗಿಕೊಂಡಳು. ಕಾಲೇಜು ಬಿಡಿಸುತ್ತಾರೆ ಎಂದೇ ನಾನು ಅಂದುಕೊಂಡೆ.

ಮದುವೆಯಾದ ಮೇಲೆ ಅವರ ಮಾತಿಗೆ ಅಡ್ಡ ಬಂದದ್ದು ಆವತ್ತೇ ಇರಬೇಕು. "ರೀ, ಬೈಯೋದು ಆಮೇಲೆ ಬೈರಿ. ಮೊದ್ಲು ಕೂತ್ಕೊಂಡು ಒಂದೇ ಒಂದು ಕೇಳಿ," ಎಂದೆ. ಮಗಳಿಗೆ, "ಆ ಮೂವತ್ತೊಂದನೇದು ಓದೇ" ಎಂದೆ.

ಅವಳು ಓದಿದಳು. ಪೆಟ್ಟಿಗೆಯ ಎಣ್ಣೆಯ ಮಾತು ಬಂದಾಗ ಅವರು ತಲೆ ಬಗ್ಗಿಸಿದರು. ಉಳದ ಜಾಗದ ಮಾತು ಮುಗಿದ ಮೇಲೂ ಎತ್ತಲಿಲ್ಲ. ಜಗಲಿಯಲ್ಲಿದ್ದ ಅತ್ತೆಯ ಎಲೆಅಡಿಕೆ ಕುಟ್ಟುವ ಸದ್ದು ನಿಂತಿತು.

"ಅಲ್ಲಿ ಹುತ್ತ ಇಲ್ಲ ಕಣೆ," ಯಜಮಾನರು ಅಂದರು.

"ಹಂಗಾದ್ರೆ ವರ್ಷ ವರ್ಷ ನಾನು ಎರ್ದಿದ್ದ ಹಾಲು?"

"ಅವನಿಗೇ. ಅದಕ್ಕೇ ಅಲ್ಲಿಗೆ ಕಳಿಸ್ತಿದ್ದೆ."

ಆಮೇಲೆ ಅವರೇ ಹೇಳಿದರು, ನಮ್ಮನ್ನು ನೋಡದೆ, ನೆಲ ನೋಡಿಕೊಂಡು. ತವರೂರಿನ ಮಣ್ಣಿಗೆ ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ. "ನಮ್ ಮಗ ನಮ್ ಹೊಲದಲ್ಲಿರ್ಲಿ ಅಂತ ಟವಲ್ಲಲ್ಲಿ ಸುತ್ಕೊಂಡು ಬಸ್ಸಲ್ಲೇ ತಂದೆ. ಪಕ್ಕದಲ್ಲಿ ಕೂತಿದ್ದ ಯಮ್ಮ, ಮಗು ಎಷ್ಟ್ ಚೆನ್ನಾಗಿ ಮಲಗೈತಪ್ಪಾ ಅಂದ್ರು. ಹೂಂ ಅಂದೆ." ಅಷ್ಟು ಹೇಳಿ ಎದ್ದು ಬಚ್ಚಲಿಗೆ ಹೋದರು. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಮನೆಯಲ್ಲಿ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನಗಿಂತ ಭಾರದ್ದು ಹೊತ್ತಿದ್ದರು. ಹಸಿ ಬಾಣಂತಿಗೆ ಹೇಳಬಾರದು ಎಂದು ಹಿರಿಯರು ತಡೆದರು, ಆಮೇಲೆ ಹೇಗೆ ಶುರು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಅಷ್ಟೇ ಆಗಿದ್ದು.

ಮಾರನೆಯ ದಿನ ಪೂಜೆ ಮುಗಿಸಿ, ವಿಭೂತಿ, ನಾಲ್ಕು ಬಿಲ್ವಪತ್ರೆ, ಒಂದು ಚೊಂಬು ಹಾಲು ತೆಗೆದುಕೊಂಡು ಅವರ ಗಾಡಿಯ ಹಿಂದೆ ಕೂತು ಹೊಲಕ್ಕೆ ಹೋದೆ. ಅವರು ಕುಡುಗೋಲಿನಿಂದ ತಂಗಡಿ ಸವರಿ ದಾರಿ ಮಾಡಿದರು. ಒಳಗೆ ಒಂದು ಚಪ್ಪಡಿ ಕಲ್ಲು, ಮೊಳದುದ್ದ. ಸುತ್ತ ಒಂದು ಕಳೆ ಇಲ್ಲ. ಇಪ್ಪತ್ತೆರಡು ವರ್ಷ ಯಾರಿಗೂ ಕಾಣದಂತೆ ಅದನ್ನು ಕೀಳುತ್ತಾ ಬಂದಿದ್ದಾರೆ. ಈ ಸಲ ಕಲ್ಲಿನ ಮೇಲೇ ಕೈಯಿಟ್ಟು ಹಾಲೆರೆದೆ. ಹಿಂದಿನ ದಿನದ ಖಾರ ಬೆರಳಲ್ಲಿ ಇನ್ನೂ ಇತ್ತು, ಆ ಕಲ್ಲಿನ ತಂಪಿಗೆ ಹಿತವೆನಿಸಿತು.

"ಮಣ್ಣು ಹಾಕುವಾಗ ಒಂದು ಹೆಸರು ಕರ್ದಿದ್ದೆ. ಹೆಸರಿಲ್ದೆ ಹೆಂಗೆ ಬಿಟ್ಟು ಬರೋದು?" ಅಂದರು. ಯಾವ ಹೆಸರು ಎಂದು ಕೇಳಿದೆ. ಹೇಳಿದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಿಕ್ಕಿದ್ದೆಲ್ಲ ಆಗಲೇ ತರೀಕೆರೆಯವರೆಗೂ ಹೋಗಿ ಬಂದಿದೆ, ಅದೊಂದು ಮನೆಯಲ್ಲೇ ಇರಲಿ. ಮಗಳ ಬರಹವನ್ನು ತೆಗೆಯುವುದು ಬೇಡ ಎಂದು ಮೇಡಂಗೆ ಹೇಳಿಸಿದೆ. ಯಜಮಾನರೂ, "ಇರ್ಲಿ ಬಿಡು" ಅಂದರು. ಸಿಂಚನಾ ಅದೇ ಬಸ್ಸಿಗೆ ಕಾಲೇಜಿಗೆ ಹೋಗುತ್ತಿದ್ದಾಳೆ. ಶಿವ ನನಗೆ ದೊಡ್ಡದೇನನ್ನೂ ಕೊಟ್ಟಿಲ್ಲ ಎಂದು ಒಂದೊಂದು ಸಲ ಅಂದುಕೊಳ್ಳುತ್ತಿದ್ದೆ. ಈಗ ಅನ್ನುವುದಿಲ್ಲ. ಗೊತ್ತಿಲ್ಲದೆಯೇ ಆದರೂ ನನ್ನ ಮಗುವಿಗೆ ವರ್ಷ ತಪ್ಪದೆ ನನ್ನ ಕೈಯಿಂದ ಹಾಲು ಬಿದ್ದಿದೆ. ಇದು ಎಲ್ಲ ತಾಯಂದಿರಿಗೂ ಸಿಗುವುದಿಲ್ಲ.

ಮೂವತ್ತೊಂದನೇ ನಂಬರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಹುಡುಗನೋ ಹುಡುಗಿಯೋ ಅದೂ ತಿಳಿಯದು. ಮೇಡಂ ಹೇಳಲಿಲ್ಲ, ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರಂತೆ. ಎಲ್ಲರೂ ಹಾದುಹೋದ ಒಂದು ಸಾಲಿನ ಹತ್ತಿರ ಆ ಮಗು ನಿಂತು ನೋಡಿತು. ದಿನಾ ಲಿಂಗಪೂಜೆ ಮುಗಿಸಿ ಕೈ ಮುಗಿಯುವಾಗ, ಮೂವತ್ತೊಂದನೇ ನಂಬರನ್ನು ತಣ್ಣಗಿಡಪ್ಪಾ ಎಂದು ಕೇಳಿಕೊಳ್ಳುತ್ತೇನೆ. ಯಾರೆಂದು ಶಿವನಿಗೆ ಗೊತ್ತಿರುತ್ತದೆ.

ಆವತ್ತು ಹೊಲದಿಂದ ಬರುವ ಹೊತ್ತಿಗೆ ಅಡುಗೆಗೆ ತಡವಾಗಿತ್ತು. ಅಕ್ಕಿ ಅಳೆದೆ. ನಾಲ್ಕು ಹೆಸರಿಗೆ ನಾಲ್ಕು ಮುಷ್ಟಿ ಹಾಕಿದೆ. ಐದನೆಯದನ್ನು ಕೈಯಲ್ಲಿ ಹಿಡಿದು, ಮೊದಲ ಸಲ ಹೆಸರು ಹೇಳಿ ಹಾಕಿದೆ. ಡಬ್ಬಿ ಮುಚ್ಚುವ ಸದ್ದಿಗೆ ಜಗಲಿಯಿಂದ ಅತ್ತೆ ಕೂಗಿದರು.

"ಶಾಂತಾ, ಐದೂ ಹಾಕಿದ್ಯೇನೇ?"

"ಹೂಂ ಅತ್ತೆ, ಹಾಕ್ದೆ."

ಅನ್ನಕ್ಕೆ ಇಟ್ಟು ಹಜಾರಕ್ಕೆ ಬಂದೆ. ಮೆಣಸಿನಕಾಯಿ ಅರ್ಧಕ್ಕೆ ಹಾಗೇ ಬಿದ್ದಿತ್ತು. ಕೈಗೆ ಎಣ್ಣೆ ಸವರಿಕೊಂಡು ತೊಟ್ಟು ಬಿಡಿಸಲು ಕೂತೆ.